ಪದ ಪರಿಚಯ: ಥರ್ಡ್ ಪರ್ಸನ್ ಎಫೆಕ್ಟ್

"ಜಾಹೀರಾತು ನೋಡಿ ನಾನೇನೂ ಕೊಳ್ಳುವವನಲ್ಲ, ಆದರೆ ಜನ ಮರುಳಾಗುತ್ತಾರೆ." "ಸುಳ್ಳು ಸುದ್ದಿ ನನಗೆ ನೋಡಿದ ಕೂಡಲೇ ಗೊತ್ತಾಗಿಬಿಡುತ್ತೆ, ಪಾಪ, ಉಳಿದವರಿಗೆ ಎಲ್ಲಿ ಗೊತ್ತಾಗಬೇಕು!" ಈ ಮಾತುಗಳನ್ನು ಕೇಳದವರಿಲ್ಲ. ಒಂದಲ್ಲ ಒಂದು ಸಲ ಆಡದವರೂ ಇರಲಿಕ್ಕಿಲ್ಲ. ಮಾಧ್ಯಮದ ಸಂದೇಶವೊಂದು ತನ್ನನ್ನು ಅಲುಗಾಡಿಸುವುದಕ್ಕಿಂತ ಬೇರೆಯವರನ್ನು ಹೆಚ್ಚು ಅಲುಗಾಡಿಸುತ್ತದೆ ಎಂದು ಅಂದಾಜು ಮಾಡುವ ಈ ಒಲವಿಗೆ ಸಂವಹನ ಶಾಸ್ತ್ರದಲ್ಲಿ ಥರ್ಡ್ ಪರ್ಸನ್ ಎಫೆಕ್ಟ್ ಎಂದು ಹೆಸರು. ಪರಿಣಾಮ ಆಗುವುದು ನನ್ನ ಮೇಲಲ್ಲ, ನನ್ನಂಥ ನಿನ್ನ ಮೇಲೂ ಅಲ್ಲ, ಅಲ್ಲಿರುವ "ಅವರ" ಮೇಲೆ. ಆ "ಅವರು" ಯಾರೆಂದು ಕೇಳಿದರೆ ಮಾತ್ರ ಯಾರೂ ಕೈ ಎತ್ತುವುದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಇಲ್ಲಿ ತಿರುಗುಮುರುಗು. ಕಳ್ಳ ಎಂದು ಕೂಗಿದಾಗ ಎಲ್ಲರೂ ಪಕ್ಕದವರ ಹೆಗಲನ್ನೇ ನೋಡುತ್ತಾರೆ.

ಹೆಸರು ಕೊಟ್ಟವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಡಬ್ಲ್ಯೂ. ಫಿಲಿಪ್ಸ್ ಡೇವಿಸನ್. 1983ರ ತಮ್ಮ ಲೇಖನದಲ್ಲಿ ಅವರು ಎರಡನೆಯ ಮಹಾಯುದ್ಧ ಕಾಲದ ಒಂದು ಪ್ರಸಂಗವನ್ನು ಎತ್ತಿಕೊಳ್ಳುತ್ತಾರೆ. ಇವೊ ಜಿಮಾ ದ್ವೀಪದಲ್ಲಿ ಕಪ್ಪು ಸೈನಿಕರೂ ಬಿಳಿಯ ಅಧಿಕಾರಿಗಳೂ ಇದ್ದ ಅಮೆರಿಕದ ಒಂದು ತುಕಡಿಯ ಮೇಲೆ ಜಪಾನೀಯರು ಕರಪತ್ರ ಉದುರಿಸಿದರು. ಇದು ಬಿಳಿಯರ ಯುದ್ಧ, ಅವರಿಗಾಗಿ ನೀವೇಕೆ ಸಾಯುತ್ತೀರಿ, ಶರಣಾಗಿ ಎಂಬುದು ಅದರ ತಿರುಳು. ಮರುದಿನವೇ ಆ ತುಕಡಿಯನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಸೈನಿಕರ ಮನಸ್ಸು ಕದಲಿತ್ತು ಎನ್ನುವುದಕ್ಕೆ ಯಾವ ಪುರಾವೆಯೂ ಇರಲಿಲ್ಲ. ಕದಲಿದ್ದು ಅಧಿಕಾರಿಗಳ ಮನಸ್ಸು. ಕರಪತ್ರ ತಮ್ಮನ್ನು ಉದ್ದೇಶಿಸಿದ್ದಲ್ಲವೆಂದು ಗೊತ್ತಿದ್ದೂ, ಅದನ್ನು ಓದಿ ಕಾರ್ಯಕ್ಕೆ ಇಳಿದವರು ಅವರೊಬ್ಬರೇ. ಮುಂದೆ ಪಶ್ಚಿಮ ಜರ್ಮನಿಯ ಪತ್ರಕರ್ತರನ್ನು ಸಂಪಾದಕೀಯಗಳ ಪ್ರಭಾವದ ಬಗ್ಗೆ ಕೇಳಿದಾಗಲೂ ಡೇವಿಸನ್‌ಗೆ ಇದೇ ಧಾಟಿಯ ಉತ್ತರ ಸಿಕ್ಕಿತು: ನಿಮ್ಮಂಥ ನನ್ನಂಥವರಿಗೆ ಅದರಿಂದ ಹೆಚ್ಚೇನೂ ಆಗದು, ಸಾಮಾನ್ಯ ಓದುಗನಿಗೆ ಆಗುತ್ತದೆ.

ಈ ಪರಿಕಲ್ಪನೆಗೆ ಎರಡು ಭಾಗ. ಮೊದಲನೆಯದು ಗ್ರಹಿಕೆ: ತನ್ನ ಮೇಲಾಗುವ ಪ್ರಭಾವ ಮತ್ತು ಇತರರ ಮೇಲಾಗುವ ಪ್ರಭಾವ, ಈ ಎರಡು ಅಂದಾಜುಗಳ ನಡುವಿನ ಅಂತರ. ಎರಡನೆಯದು ನಡವಳಿಕೆ: ಆ ಅಂದಾಜನ್ನು ನಂಬಿ ಮನುಷ್ಯ ಮಾಡುವ ಕೆಲಸ. ಈ ಹೆಸರನ್ನು ಬಳಸುವವರು ಮೊದಲನೆಯದಕ್ಕೇ ನಿಂತುಬಿಡುತ್ತಾರೆ, "ನೋಡಿ, ಜನಕ್ಕೆ ಎಷ್ಟು ಅಹಂಕಾರ" ಎಂದು ಮುಗಿಸುತ್ತಾರೆ. ನಿಜವಾದ ಸ್ವಾರಸ್ಯ ಇರುವುದು ಎರಡನೆಯದರಲ್ಲಿ. ಅದಕ್ಕೆ ಬರುವ ಮುಂಚೆ ಮೊದಲನೆಯದನ್ನು ಸರಿಯಾಗಿ ಅಳೆಯುವುದು ಹೇಗೆಂದು ನೋಡಬೇಕು, ಏಕೆಂದರೆ ಎಡವುವುದು ಇಲ್ಲೇ.

ಅಳೆಯುವ ವಿಧಾನ ಸರಳ. ಒಂದೇ ಒಂದು ಸಂದೇಶವನ್ನು ಆರಿಸಿಕೊಳ್ಳಿ: ಒಂದು ಜಾಹೀರಾತು, ಒಂದು ಸುದ್ದಿ ತುಣುಕು, ಒಂದು ಭಾಷಣದ ವಿಡಿಯೊ. "ಮಾಧ್ಯಮ" ಎಂದು ಸಾರಾಸಗಟಾಗಿ ಕೇಳಿದರೆ ಪ್ರತಿಯೊಬ್ಬರೂ ಬೇರೆಬೇರೆ ವಸ್ತುವನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸುತ್ತಾರೆ. ಆಮೇಲೆ 1ರಿಂದ 7ರವರೆಗಿನ ಅಳತೆಪಟ್ಟಿಯ ಮೇಲೆ ಎರಡು ಪ್ರಶ್ನೆ: ಇದು ನಿಮ್ಮ ಅಭಿಪ್ರಾಯವನ್ನು ಎಷ್ಟು ಬದಲಿಸಿತು, ಇಂಥಿಂಥವರ ಅಭಿಪ್ರಾಯವನ್ನು ಎಷ್ಟು ಬದಲಿಸೀತು. ಎರಡರ ನಡುವೆ ಸಂಬಂಧವಿಲ್ಲದ ನಾಲ್ಕಾರು ಪ್ರಶ್ನೆ ತುರುಕಿ. ಅರ್ಧ ಜನರಿಗೆ ತಮ್ಮ ಬಗ್ಗೆ ಮೊದಲು, ಉಳಿದರ್ಧಕ್ಕೆ ಇತರರ ಬಗ್ಗೆ ಮೊದಲು ಕೇಳಿ. ಪ್ರಶ್ನೆಯ ಕ್ರಮದಿಂದಲೇ ಈ ಅಂತರ ಹುಟ್ಟುತ್ತಿದೆ ಎಂಬ ಅನುಮಾನ ಬಹಳ ಕಾಲ ಇತ್ತು, ಆದರೆ ಕ್ರಮ ಅದಲುಬದಲು ಮಾಡಿದರೂ ಅದು ಅಳಿಸಿಹೋಗುವುದಿಲ್ಲ. ಕೊನೆಗೆ ಇತರರ ಅಂಕದಿಂದ ಸ್ವಂತ ಅಂಕವನ್ನು ಕಳೆದು ಇಡೀ ಗುಂಪಿನ ಸರಾಸರಿ ತೆಗೆಯಿರಿ. ಉತ್ತರವನ್ನು ಕಾಗದದ ಮೇಲೋ ಪರದೆಯ ಮೇಲೋ ಗುಟ್ಟಾಗಿ ಪಡೆಯಬೇಕು. ಸಭೆಯಲ್ಲಿ ಕೈ ಎತ್ತಿಸಿದರೆ ಜನ ಅಕ್ಕಪಕ್ಕ ನೋಡಿ ಎತ್ತುತ್ತಾರೆ, ಆಗ ನೀವು ಅಳೆಯುವುದು ಬೇರೆಯದೇ ರೋಗವನ್ನು.

ಕೆಡುವುದು ಹೆಚ್ಚಾಗಿ "ಇತರರು" ಎಂಬ ಮಾತಿನಿಂದ. ಅದು ಯಾರು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದು 1988ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳಿಗೆ ಮಾನಹಾನಿಕರ ಸುದ್ದಿಗಳನ್ನು ಓದಿಸಿ, ಪ್ರಭಾವವನ್ನು ಸುತ್ತು ಸುತ್ತಾಗಿ ಕೇಳಿದರು: ನಿಮ್ಮ ಮೇಲೆ, ಸ್ಟ್ಯಾನ್‌ಫರ್ಡಿನ ಇತರ ವಿದ್ಯಾರ್ಥಿಗಳ ಮೇಲೆ, ಕ್ಯಾಲಿಫೋರ್ನಿಯಾದ ಜನರ ಮೇಲೆ, ಒಟ್ಟಾರೆ ಸಾರ್ವಜನಿಕರ ಮೇಲೆ. ವೃತ್ತ ಹಿಗ್ಗಿದಂತೆ ಅಂಕವೂ ಏರಿತು. ತನ್ನಿಂದ ದೂರವಾದಷ್ಟೂ ಮನುಷ್ಯರು ಮೆತ್ತಗಾಗುತ್ತಾರೆ, ಕನಿಷ್ಠ ನಮ್ಮ ಕಲ್ಪನೆಯಲ್ಲಿ! ದೂರವೊಂದೇ ಕಾರಣವಲ್ಲ ಎಂದು ಆಮೇಲಿನ ಕೆಲಸ ತೋರಿಸಿದೆ. ಆ ಗುಂಪು ಇಂಥದ್ದನ್ನು ಹೆಚ್ಚು ನೋಡುತ್ತದೆ, ಹೆಚ್ಚು ಕೇಳುತ್ತದೆ ಎಂಬ ಊಹೆ ಇದ್ದರೆ, ಹತ್ತಿರದವರಾದರೂ ಅವರಿಗೆ ಹೆಚ್ಚು ಅಂಕ ಬೀಳುತ್ತದೆ. ಹಾಗಾಗಿ ಪ್ರಶ್ನೆಯಲ್ಲಿ ಗುಂಪನ್ನು ಹೆಸರಿಸದೆ "ಜನ" ಎಂದಷ್ಟೇ ಬರೆದ ಸಮೀಕ್ಷೆಯ ಅಂಕಿಗಳನ್ನು ಒಂದಕ್ಕೊಂದು ಹೋಲಿಸುವುದರಲ್ಲಿ ಅರ್ಥವಿಲ್ಲ.

ಮತ್ತೊಂದು ಎಡವಟ್ಟು ಒಬ್ಬೊಬ್ಬರನ್ನೇ ಹಿಡಿದು "ನಿನಗೆ ಈ ಭ್ರಮೆ ಇದೆ" ಎನ್ನುವುದು. ತನಗೆ 2, ಇತರರಿಗೆ 5 ಕೊಟ್ಟವರು ಸರಿಯಾಗಿಯೇ ಹೇಳಿರಬಹುದು. ಕೆಲವರು ನಿಜವಾಗಿಯೂ ಸುಲಭಕ್ಕೆ ಅಲುಗದವರು. ತಪ್ಪು ಕಾಣುವುದು ಗುಂಪಿನ ಲೆಕ್ಕದಲ್ಲಿ: ಎಲ್ಲರೂ ಸರಾಸರಿಗಿಂತ ಕಡಿಮೆ ಪ್ರಭಾವಿತರಾಗಿರಲು ಸಾಧ್ಯವೇ ಇಲ್ಲ. ಎಲ್ಲೋ ಲೆಕ್ಕ ತಪ್ಪಿದೆ ಎಂಬುದು ಖಚಿತ, ಯಾರದು ಎಂಬುದು ಈ ಎರಡು ಪ್ರಶ್ನೆಗಳಿಂದ ತಿಳಿಯದು.

ಹಾಗಾದರೆ ತಪ್ಪಿದ್ದು ಯಾವ ಅಂದಾಜು? ಇತರರನ್ನು ಬೋಳೇಶಂಕರರೆಂದು ಎಣಿಸಿದ್ದೋ, ತನ್ನನ್ನು ಕಲ್ಲುಬಂಡೆ ಎಂದುಕೊಂಡದ್ದೋ? ಇದನ್ನು ತೀರ್ಮಾನಿಸಬೇಕಾದರೆ ಅಭಿಪ್ರಾಯ ನಿಜಕ್ಕೂ ಎಷ್ಟು ಬದಲಾಯಿತು ಎಂಬುದನ್ನೂ ಅಳೆಯಬೇಕು. ಆರಂಭದ ಕೆಲವು ಪ್ರಯೋಗಗಳು ಇತರರ ಬಗೆಗಿನ ಅಂದಾಜೇ ಉಬ್ಬಿದ್ದು ಎಂದವು. ಆದರೆ ಮನಶ್ಶಾಸ್ತ್ರಜ್ಞರಾದ ಕ್ಯಾರನ್ ಡಗ್ಲಸ್ ಮತ್ತು ರಾಬಿ ಸಟನ್ 2008ರಲ್ಲಿ ಪ್ರಕಟಿಸಿದ ಕೆಲಸ ತದ್ವಿರುದ್ಧ ಚಿತ್ರ ಕೊಡುತ್ತದೆ. ರಾಜಕುಮಾರಿ ಡಯಾನಾ ಸಾವಿನ ಸುತ್ತಲಿನ ಪಿತೂರಿ ಕತೆಗಳನ್ನು ವಿದ್ಯಾರ್ಥಿಗಳಿಗೆ ಓದಿಸಿ, ಈಗ ಇವನ್ನು ಎಷ್ಟು ಒಪ್ಪುತ್ತೀರಿ, ಓದುವ ಮುಂಚೆ ಎಷ್ಟು ಒಪ್ಪುತ್ತಿದ್ದಿರಿ ಎಂದು ಕೇಳಿದರು. ಸಹಪಾಠಿಗಳ ಬಗ್ಗೆಯೂ ಅದೇ ಪ್ರಶ್ನೆ. ಸಹಪಾಠಿಗಳು ಎಷ್ಟು ಬದಲಾದರು ಎಂಬ ಅಂದಾಜು ಹೆಚ್ಚುಕಡಿಮೆ ಸರಿಯಾಗಿತ್ತು. ತಾನು ಎಷ್ಟು ಬದಲಾದೆ ಎಂಬುದೇ ಕಡಿಮೆಯಾಗಿ ಬಂತು. "ಮೊದಲಿನಿಂದಲೂ ನನಗೆ ಸ್ವಲ್ಪ ಅನುಮಾನ ಇತ್ತು" ಎಂದು ಹಳೆಯ ಅಭಿಪ್ರಾಯವನ್ನೇ ಹೊಸದರ ಪಕ್ಕಕ್ಕೆ ಎಳೆದು ತಂದರೆ, ಬದಲಾವಣೆ ಆಗಿಯೇ ಇಲ್ಲ ಎಂದು ಅನ್ನಿಸುವುದು ಸಹಜ. ಎರಡು ಬಗೆಯ ಫಲಿತಾಂಶಗಳಲ್ಲಿ ಈ ಎರಡನೆಯದಕ್ಕೇ ನಮ್ಮ ಒಲವು. ಯಾಕೆಂದರೆ ಪ್ರಭಾವ ಎನ್ನುವುದು ಒಳಗೆ ಬರುವಾಗ ಬಾಗಿಲು ತಟ್ಟುವುದಿಲ್ಲ. ಪದೇ ಪದೇ ಕಣ್ಣಿಗೆ ಬಿದ್ದದ್ದು ಕ್ರಮೇಣ ಇಷ್ಟವಾಗತೊಡಗುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1968ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಆ ಇಷ್ಟ ಎಲ್ಲಿಂದ ಬಂತೆಂದು ಮನಸ್ಸಿನಲ್ಲಿ ಎಷ್ಟು ತಡಕಿದರೂ ಜಾಹೀರಾತಿನ ಗುರುತು ಸಿಗುವುದಿಲ್ಲ, "ನನ್ನ ಅಭಿರುಚಿ" ಎಂಬುದಷ್ಟೇ ಸಿಗುತ್ತದೆ. ಬೇರೆಯವರ ಮನಸ್ಸಿಗೆ ಹೀಗೆ ಕೈಹಾಕಿ ತಡಕಲು ಬಾರದು. ಅಲ್ಲಿಗೆ ನಾವು ಬಳಸುವುದು "ಮಾಧ್ಯಮ ಪ್ರಬಲ" ಎಂಬ ಸಾಮಾನ್ಯ ಸಿದ್ಧಾಂತವನ್ನು. ತನ್ನನ್ನು ಸಾಕ್ಷಿ ಕೇಳಿ, ಇತರರನ್ನು ಸಿದ್ಧಾಂತ ಹಿಡಿದು ತೂಗಿದರೆ ಅಂತರ ಬಾರದೆ ಇನ್ನೇನು? ಅಹಂಕಾರದ ಪಾಲು ಇಲ್ಲವೆಂದಲ್ಲ. ಸಂದೇಶ ಒಳ್ಳೆಯದಾದಾಗ, ಉದಾಹರಣೆಗೆ ಹೆಲ್ಮೆಟ್ ಹಾಕಿ, ರಕ್ತದಾನ ಮಾಡಿ ಎನ್ನುವಂಥದ್ದಾದಾಗ, ಅಂತರ ಕುಗ್ಗುತ್ತದೆ, ಕೆಲವೊಮ್ಮೆ ತಲೆಕೆಳಗಾಗುತ್ತದೆ. ಒಳ್ಳೆಯದಕ್ಕೆ ಕರಗಿದೆ ಎಂದು ಒಪ್ಪಿಕೊಳ್ಳುವುದು ಹೆಮ್ಮೆಯ ವಿಷಯ ತಾನೇ. ಇದಕ್ಕೆ ಫಸ್ಟ್ ಪರ್ಸನ್ ಎಫೆಕ್ಟ್ ಎಂದು ಬೇರೆ ಹೆಸರಿದೆ.

ಇನ್ನು ನಡವಳಿಕೆ. ನೇರವಾಗಿ ಕಾಣುವುದು ನಿಷೇಧದ ಬೇಡಿಕೆಯಲ್ಲಿ. ಸಂವಹನ ಸಂಶೋಧಕ ಆಲ್ಬರ್ಟ್ ಗುಂಥರ್ 1995ರಲ್ಲಿ ಪ್ರಕಟಿಸಿದ ಅಮೆರಿಕದ ಸಮೀಕ್ಷೆಯಲ್ಲಿ, ಅಶ್ಲೀಲ ಚಿತ್ರಗಳು ತನಗಿಂತ ಇತರರನ್ನು ಹೆಚ್ಚು ಕೆಡಿಸುತ್ತವೆ ಎಂದವರೇ ಅರ್ಧಕ್ಕಿಂತ ಹೆಚ್ಚು. ಆ ಅಂತರ ದೊಡ್ಡದಿದ್ದವರಲ್ಲಿ ನಿರ್ಬಂಧದ ಪರ ನಿಲುವೂ ಬಲವಾಗಿತ್ತು. ಸೆನ್ಸಾರ್ ಕೇಳುವವರು ತಮ್ಮನ್ನು ಕಾಪಾಡಿ ಎಂದು ಕೇಳುವುದು ಅಪರೂಪ. ಆ ಕತ್ತರಿ ಯಾವಾಗಲೂ "ಅವರಿಗಾಗಿ".

ಇದಕ್ಕಿಂತ ಗಂಭೀರವಾದದ್ದು ಇನ್ನೊಂದು ಬಗೆ. ಸುದ್ದಿಯನ್ನು ನಂಬದವರೂ, ಉಳಿದವರು ನಂಬುತ್ತಾರೆ ಎಂದು ನಂಬಿ, ನಂಬಿದವರಂತೆಯೇ ನಡೆದುಕೊಳ್ಳುತ್ತಾರೆ. ಇಸ್ರೇಲಿನ ವಿದ್ಯಾರ್ಥಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಅಚ್ಚುಕಟ್ಟಾದ ನಿದರ್ಶನ. ಸಕ್ಕರೆಯ ಬೆಲೆ ಏರಲಿದೆ ಎನ್ನುವ ಒಂದೇ ಸುದ್ದಿಯನ್ನು ಎಲ್ಲರಿಗೂ ಓದಲು ಕೊಟ್ಟರು. ಒಂದು ಗುಂಪಿಗೆ, ಇದು ಪತ್ರಿಕೆಯ ಮುಖಪುಟದಲ್ಲಿ ಬರಲಿದೆ ಎಂದರು. ಇನ್ನೊಂದು ಗುಂಪಿಗೆ, ಒಳಗಿನ ಆರ್ಥಿಕ ಪುರವಣಿಯಲ್ಲಿ ಬರಲಿದೆ ಎಂದರು. ಅಕ್ಷರ ಒಂದೂ ಬೇರೆಯಿಲ್ಲ, ಬದಲಾದದ್ದು ಎಷ್ಟು ಜನ ಓದಿಯಾರು ಎಂಬ ಊಹೆಯೊಂದೇ. ಮುಖಪುಟ ಎಂದು ಕೇಳಿದವರು ಜನ ಹೆಚ್ಚು ಪ್ರಭಾವಿತರಾಗುತ್ತಾರೆ ಎಂದು ಎಣಿಸಿದರು, ತಾವೇ ಸಕ್ಕರೆ ಕೊಂಡಿಟ್ಟುಕೊಳ್ಳುವ ಇರಾದೆಯನ್ನೂ ಹೆಚ್ಚಾಗಿ ತೋರಿಸಿದರು. ಕೊರತೆಯ ವದಂತಿ ಹಬ್ಬಿದಾಗ ಅಂಗಡಿಯ ಮುಂದೆ ಸಾಲು ನಿಲ್ಲುವವರನ್ನು ಪೆದ್ದರು ಎಂದು ನಗುವವರು ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಸಾಲಿನಲ್ಲಿರುವ ಬಹುಪಾಲು ಜನ ವದಂತಿಯನ್ನು ನಂಬಿದವರೇ ಆಗಬೇಕಿಲ್ಲ. "ನನಗೆ ಗೊತ್ತು ಇದು ಸುಳ್ಳು, ಆದರೆ ಇವರೆಲ್ಲ ಬಾಚಿಕೊಂಡು ಹೋದರೆ ನನಗೆಲ್ಲಿ ಉಳಿಯುತ್ತೆ" ಎಂದುಕೊಂಡು ಬಂದವರಿಂದಲೇ ಅಂಗಡಿ ಖಾಲಿಯಾಗಬಹುದು. ಆಗ ಸುಳ್ಳು ನಿಜವಾಗಲು ಅದನ್ನು ನಂಬುವವರು ಒಬ್ಬರೂ ಬೇಕಾಗಿಲ್ಲ.

ಹಾಗೆ ನೋಡಿದರೆ ಇಲ್ಲಿ ಕೆಲಸ ಮಾಡುವುದು ತನ್ನ ಅಂಕಕ್ಕೂ ಇತರರ ಅಂಕಕ್ಕೂ ಇರುವ ಅಂತರವಲ್ಲ, ಇತರರ ಅಂಕ ಒಂದೇ. ಇದನ್ನು ಬೇರ್ಪಡಿಸಿ ಹೇಳಿದವರು ಗುಂಥರ್ ಮತ್ತು ಡಗ್ಲಸ್ ಸ್ಟೋರಿ, 2003ರಲ್ಲಿ. ಅವರು ಪರಿಶೀಲಿಸಿದ ನೇಪಾಳದ ಒಂದು ರೇಡಿಯೊ ಕಾರ್ಯಕ್ರಮ ಆರೋಗ್ಯ ಕಾರ್ಯಕರ್ತರಿಗೆ ರೋಗಿಗಳ ಜೊತೆ ಚೆನ್ನಾಗಿ ನಡೆದುಕೊಳ್ಳುವುದನ್ನು ಕಲಿಸಲು ಮಾಡಿದ್ದು. ಅದನ್ನು ಸಾಮಾನ್ಯ ಜನರೂ ಕೇಳಿದರು. ಕಾರ್ಯಕರ್ತರು ಇದನ್ನು ಕೇಳಿ ಸುಧಾರಿಸಿರುತ್ತಾರೆ ಎಂದು ಎಣಿಸಿದ ಜನರಲ್ಲಿ ಅವರ ಬಗ್ಗೆ ನಿರೀಕ್ಷೆಯೂ ಒಳ್ಳೆಯ ಭಾವನೆಯೂ ಹೆಚ್ಚಾಗಿತ್ತು. ಪ್ರಭಾವದ ಊಹೆ ಕೇಡನ್ನೇ ಮಾಡಬೇಕೆಂದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ದುಬಾರಿ ಗಡಿಯಾರ, ಕಾರುಗಳ ಜಾಹೀರಾತನ್ನು ಕೊಳ್ಳಲಾಗದವರ ಕಣ್ಣಿಗೂ ಬೀಳುವಂತೆ ಹಾಕುವುದರ ಹಿಂದೆಯೂ ಇದೇ ಲೆಕ್ಕ ಎಂಬುದು ನಮ್ಮ ಅಭಿಪ್ರಾಯ. ನೋಡುವವರಿಗೆ ಅದರ ಬೆಲೆ ಗೊತ್ತಿಲ್ಲದಿದ್ದರೆ ಕಟ್ಟಿಕೊಂಡವರಿಗೆ ಏನು ಸುಖ?

ಪಕ್ಕದ ಒಂದು ಪರಿಕಲ್ಪನೆಯ ಜೊತೆ ಇದು ಗೊಂದಲವಾಗುತ್ತದೆ: ಹಾಸ್ಟೈಲ್ ಮೀಡಿಯಾ ಎಫೆಕ್ಟ್. ಒಂದೇ ವರದಿಯನ್ನು ನೋಡಿ ಎರಡೂ ಬಣದವರು "ಇದು ನಮ್ಮ ವಿರುದ್ಧ ಇದೆ" ಎನ್ನುವುದು. ಲೆಬನಾನಿನ ಬೈರೂತ್‌ನಲ್ಲಿ 1982ರಲ್ಲಿ ನಡೆದ ಪ್ಯಾಲೆಸ್ಟೀನಿ ನಿರಾಶ್ರಿತರ ಹತ್ಯಾಕಾಂಡದ ಟಿವಿ ವರದಿಗಳನ್ನು ಇಸ್ರೇಲ್ ಪರ ಮತ್ತು ಅರಬ್ ಪರ ಇದ್ದವರಿಗೆ ತೋರಿಸಿ ಸ್ಟ್ಯಾನ್‌ಫರ್ಡ್ ಸಂಶೋಧಕರು 1985ರಲ್ಲಿ ಇದನ್ನು ದಾಖಲಿಸಿದರು. ಎರಡೂ ಬೇರೆ, ಆದರೆ ನಂಟಿದೆ. ಕುಲಾಂತರಿ ಆಹಾರದ ಬಗೆಗಿನ ಒಂದೇ ಬರಹವನ್ನು ಪತ್ರಿಕಾ ವರದಿ ಎಂದು ಕೊಟ್ಟಾಗ ಎರಡೂ ಬಣಗಳಿಗೆ ಅದು ತಮ್ಮ ವಿರೋಧಿಯಾಗಿ ಕಂಡಿತು. ಅದನ್ನೇ ವಿದ್ಯಾರ್ಥಿಯ ಪ್ರಬಂಧ ಎಂದು ಕೊಟ್ಟಾಗ ಹಾಗೆ ಕಾಣಲಿಲ್ಲ. ಪ್ರಬಂಧವನ್ನು ಯಾರು ಓದುತ್ತಾರೆ? ಲಕ್ಷಾಂತರ "ಅವರು" ಓದುತ್ತಾರೆ ಎಂಬ ಆತಂಕ ಇದ್ದಾಗಲೇ ಸಾಲು ಸಾಲಿನಲ್ಲೂ ವಿಷ ಕಾಣುವುದು.

ಈ ಪದವನ್ನು ಬಳಸಬಾರದ ಸಂದರ್ಭಗಳೂ ಇವೆ. ಚಿಕ್ಕ ಮಕ್ಕಳಿಗೆ ಜಾಹೀರಾತಿನ ಉದ್ದೇಶ ತಿಳಿಯುವುದಿಲ್ಲ ಎಂದು ಆತಂಕಪಡುವ ತಾಯಿತಂದೆಯರಿಗೆ ಈ ಹಣೆಪಟ್ಟಿ ಅಂಟಿಸುವುದು ತಪ್ಪು, ಅಲ್ಲಿ ವ್ಯತ್ಯಾಸ ನಿಜವಾಗಿಯೇ ಇದೆ. ಸುಳ್ಳು ಸುದ್ದಿಯಿಂದ ಹಾನಿಯೇ ಇಲ್ಲ, ಎಲ್ಲ ನಮ್ಮ ಭ್ರಮೆ ಎಂದು ವಾದಿಸಲು ಇದನ್ನು ಎಳೆದು ತರುವುದು ಇನ್ನೂ ದೊಡ್ಡ ತಪ್ಪು. ಈ ಪರಿಕಲ್ಪನೆ ಹೇಳುವುದು ಎರಡು ಅಂದಾಜುಗಳ ಅಂತರದ ಬಗ್ಗೆ ಮಾತ್ರ, ಸಂದೇಶದ ನಿಜವಾದ ಬಲದ ಬಗ್ಗೆ ಅಲ್ಲ. ಆ ಬಲವನ್ನು ಅಳೆಯಲು ಸಂದೇಶ ನೋಡಿದವರನ್ನೂ ನೋಡದವರನ್ನೂ ಹೋಲಿಸಬೇಕು. "ನಿಮ್ಮ ಮೇಲೆ ಎಷ್ಟು ಪ್ರಭಾವ ಆಯಿತು" ಎಂದು ಅವರನ್ನೇ ಕೇಳುತ್ತ ಹೋದರೆ, ಯಾರೂ ಏನೂ ಆಗದೆ ಪಾರಾದ ವರದಿಯೇ ಪ್ರತಿಸಲ ಕೈಗೆ ಬರುತ್ತದೆ.