ಮುಟ್ಟಿದರೆ ನಾಶ ಎಂದಮೇಲೆ ಪರಮಾಣು ಆಗುವುದು ಹೇಗೆ?

ಪ್ರಶ್ನೆ: ದ್ರವ್ಯವೂ ಪ್ರತಿದ್ರವ್ಯವೂ ಸೇರಿದ ಕೂಡಲೇ ಎರಡೂ ಇಲ್ಲವಾಗುತ್ತವೆ ಎಂದು ಓದಿದ್ದೇನೆ. ಹಾಗಿದ್ದರೆ ಎರಡನ್ನೂ ಸೇರಿಸಿ ಪರಮಾಣು ಮಾಡಲು ಸಾಧ್ಯವೇ?

ತಕರಾರು ಇರುವುದು ‘ಕೂಡಲೇ’ ಎಂಬ ಪದದಲ್ಲಿ. ನಾಶ ಖಂಡಿತ, ಆದರೆ ಅದಕ್ಕೂ ಒಂದಿಷ್ಟು ಹೊತ್ತು ಬೇಕು.

ಪಾಸಿಟ್ರೋನಿಯಂ ಎಂಬ ಪರಮಾಣುವನ್ನೇ ನೋಡಿ. ಒಂದು ಎಲೆಕ್ಟ್ರಾನ್, ಅದರ ಪ್ರತಿಕಣವಾದ (ತೂಕ ಅಷ್ಟೇ, ವಿದ್ಯುದಾವೇಶ ಮಾತ್ರ ತದ್ವಿರುದ್ಧ) ಒಂದು ಪಾಸಿಟ್ರಾನ್, ಅಷ್ಟೇ. ಇಬ್ಬರದೂ ಸಮತೂಕ, ಹಾಗಾಗಿ ನಡುವೆ ಕೂರುವ ನ್ಯೂಕ್ಲಿಯಸ್ ಎಂಬ ಯಜಮಾನನೇ ಇಲ್ಲ. 1951ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮಾರ್ಟಿನ್ ಡಾಯ್ಚ್ ಇದನ್ನು ಪತ್ತೆ ಮಾಡಿದರು. ಇಂದು ಪ್ರಯೋಗಾಲಯಗಳಲ್ಲಿ ಸೋಡಿಯಂ-22 ಎಂಬ ವಿಕಿರಣಶೀಲ ವಸ್ತು ಉಗುಳುವ ಪಾಸಿಟ್ರಾನ್‌ಗಳನ್ನು ನಿಧಾನಗೊಳಿಸಿ, ಸೂಕ್ಷ್ಮ ರಂಧ್ರಗಳಿರುವ ಸಿಲಿಕಾದೊಳಗೆ ನುಗ್ಗಿಸುತ್ತಾರೆ. ಅಲ್ಲಿ ಕೆಲವು ಒಂದೊಂದು ಎಲೆಕ್ಟ್ರಾನನ್ನು ಜೊತೆ ಮಾಡಿಕೊಂಡು ರಂಧ್ರಗಳ ದಾರಿಯಿಂದ ಹೊರಗೆ ಬರುತ್ತವೆ.

ಇದರ ಆಯುಸ್ಸನ್ನು ನಿರ್ಧರಿಸುವುದು ಸ್ಪಿನ್, ಅಂದರೆ ಕಣಗಳಿಗೆ ಸಹಜವಾಗಿಯೇ ಇರುವ, ತಿರುಗಾಟವನ್ನು ಹೋಲುವ ಗುಣ. ಎರಡು ಕಣಗಳ ಸ್ಪಿನ್ ವಿರುದ್ಧ ದಿಕ್ಕಿನಲ್ಲಿದ್ದರೆ ಸರಾಸರಿ 0.125 ನ್ಯಾನೋಸೆಕೆಂಡ್‌ನಲ್ಲಿ (ಒಂದು ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗ) ಎರಡು ಗಾಮಾ ಫೋಟಾನ್‌ಗಳಾಗಿ, ಅಂದರೆ ಭಾರೀ ಶಕ್ತಿಯ ಬೆಳಕಿನ ಕಣಗಳಾಗಿ ಮುಗಿಯುತ್ತದೆ. ಒಂದೇ ದಿಕ್ಕಿನಲ್ಲಿದ್ದರೆ ಎರಡು ಫೋಟಾನ್‌ಗಳ ದಾರಿಗೆ ನಿಸರ್ಗ ನಿಯಮದ ಅಡ್ಡಿಯಿದೆ. ಮೂರಾದರೂ ಬೇಕು, ಅದು ಅಪರೂಪದ ಘಟನೆ. ಹೀಗಾಗಿ ನಿರ್ವಾತದಲ್ಲಿ ಸಾವು 142 ನ್ಯಾನೋಸೆಕೆಂಡ್‌ವರೆಗೆ ಮುಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ಬೆಳಕು ಸುಮಾರು 43 ಮೀಟರ್ ಮಾತ್ರ ಓಡೀತು. ನಮಗೆ ಇದು ಕ್ಷಣವೂ ಅಲ್ಲ, ಲೇಸರ್ ಹಿಡಿದವರಿಗೆ ಧಾರಾಳ. ಜಿನೀವಾದ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲಿ ಏಜಿಸ್ ಎಂಬ ಸಂಶೋಧನಾ ತಂಡ ಈ ಅವಧಿಯೊಳಗೇ ಲೇಸರ್ ಬೆಳಕು ಹಾಯಿಸಿ ಪಾಸಿಟ್ರೋನಿಯಂ ಮೋಡವನ್ನು 380 ಕೆಲ್ವಿನ್‌ನಿಂದ 170ಕ್ಕೆ ತಂಪಾಗಿಸಿತು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು.

ನನಗೆ ಇದಕ್ಕಿಂತ ಸೋಜಿಗವೆನಿಸುವುದು ಪ್ರತಿಪ್ರೋಟಾನ್ (ಪ್ರೋಟಾನಿನ ಪ್ರತಿಕಣ) ಹೊಕ್ಕ ಹೀಲಿಯಂ. ಪ್ರತಿಪ್ರೋಟಾನ್ ಒಂದು ಎಲೆಕ್ಟ್ರಾನನ್ನು ಹೊರದಬ್ಬಿ ಅದರ ಜಾಗದಲ್ಲಿ ಕೂರುತ್ತದೆ. ಬಹುಪಾಲು ತಕ್ಷಣ ನ್ಯೂಕ್ಲಿಯಸ್‌ಗೆ ಬಿದ್ದು ಮುಗಿಯುತ್ತವೆ. ಆದರೆ 1991ರಲ್ಲಿ ಜಪಾನಿನಲ್ಲಿ ನೋಡಿದಾಗ, ಸುಮಾರು ಶೇಕಡ 3ರಷ್ಟು ಮೈಕ್ರೋಸೆಕೆಂಡ್‌ಗಟ್ಟಲೆ ಉಳಿದಿದ್ದವು. ಅವು ದೂರದ ಕಕ್ಷೆಯಲ್ಲಿ ಸುತ್ತುತ್ತಿದ್ದವು. ಉಳಿದೊಂದು ಎಲೆಕ್ಟ್ರಾನ್ ಅಕ್ಕಪಕ್ಕದ ಪರಮಾಣುಗಳ ಡಿಕ್ಕಿಯಿಂದ ಅವನ್ನು ಕಾಯುತ್ತಿತ್ತು. ಸರ್ನ್‌ನಲ್ಲಿ ಇಂಥವುಗಳ ಮೇಲೆ ಲೇಸರ್ ಬಿಟ್ಟು ಪ್ರತಿಪ್ರೋಟಾನನ್ನು ತೂಗಿದರು: ಎಲೆಕ್ಟ್ರಾನಿನ 1836.15 ಪಟ್ಟು, ಥೇಟ್ ಪ್ರೋಟಾನಿನಷ್ಟೇ.

ಅಂದಹಾಗೆ, ಪಾಸಿಟ್ರೋನಿಯಂ ನೋಡಲು ಜಿನೀವಾಕ್ಕೇ ಹೋಗಬೇಕಿಲ್ಲ. ಆಸ್ಪತ್ರೆಯಲ್ಲಿ ಪೆಟ್ ಸ್ಕ್ಯಾನ್ (ಪಾಸಿಟ್ರಾನ್ ಉಗುಳುವ ವಸ್ತುವನ್ನು ಮೈಗೆ ಸೇರಿಸಿ ಚಿತ್ರ ತೆಗೆಯುವ ಪರೀಕ್ಷೆ) ಮಾಡಿಸಿಕೊಂಡಿದ್ದರೆ, ಅದು ನಿಮ್ಮ ಮೈಯೊಳಗೇ ಹುಟ್ಟಿ ಅಳಿದಿರುತ್ತದೆ.