ಆಪರೇಷನ್ ನಂತರ ಮಗು ವಾಂತಿ ಮಾಡದಂತೆ ತಡೆಯಬಹುದೇ?

ಪ್ರಶ್ನೆ: ನಮ್ಮ ಆರು ವರ್ಷದ ಮಗನಿಗೆ ಕೋಲಾರದಲ್ಲಿ ಟಾನ್ಸಿಲ್ ಆಪರೇಷನ್ ಆಗಬೇಕಿದೆ. ಹಿಂದೆ ಅವನ ಅಕ್ಕನಿಗೆ ಹರ್ನಿಯಾ ಆಪರೇಷನ್ ಆದಾಗ ರಾತ್ರಿಯೆಲ್ಲ ವಾಂತಿ. ಇವನಿಗೂ ಹಾಗಾಗದಂತೆ ನೋಡಿಕೊಳ್ಳುವುದು ಹೇಗೆ?
– ಮಾಲೂರಿನ ತಾಯಿ

ಉತ್ತರ: ಅಕ್ಕನ ವಾಂತಿಯ ವಿಷಯವನ್ನು ಅರಿವಳಿಕೆ ತಜ್ಞರಿಗೆ, ಅಂದರೆ ಮತ್ತು ಬರಿಸುವ ಡಾಕ್ಟರಿಗೆ, ತಪ್ಪದೆ ಹೇಳಿ. ನಮ್ಮಲ್ಲಿ ಎಲ್ಲರೂ ಸರ್ಜನ್ ಹತ್ತಿರ ಹತ್ತು ಪ್ರಶ್ನೆ ಕೇಳುತ್ತಾರೆ, ಇವರನ್ನು ಮಾತನಾಡಿಸುವುದೇ ಇಲ್ಲ. ವಾಂತಿ ತಡೆಯುವ ಕೆಲಸ ಬಹುಪಾಲು ನಡೆಯುವುದು ಥಿಯೇಟರಿನೊಳಗೆ, ಅವರ ಕೈಯಲ್ಲಿ.

ಯಾವ ಮಗುವಿಗೆ ವಾಂತಿಯಾದೀತು ಎಂದು ಅಂದಾಜು ಮಾಡಲು 2004ರಲ್ಲಿ ಜರ್ಮನಿಯ ವೈದ್ಯರು ನಾಲ್ಕು ಅಂಶಗಳನ್ನು ಗುರುತಿಸಿದರು: ವಯಸ್ಸು ಮೂರು ಅಥವಾ ಹೆಚ್ಚು, ಆಪರೇಷನ್ ಅರ್ಧ ಗಂಟೆ ಅಥವಾ ಹೆಚ್ಚು, ಮೆಳ್ಳೆಗಣ್ಣಿನ ಆಪರೇಷನ್, ಹಿಂದೆ ಮಗುವಿಗೋ ತಂದೆ ತಾಯಿ ಒಡಹುಟ್ಟಿದವರಿಗೋ ಹೀಗೆ ವಾಂತಿಯಾಗಿರುವುದು. ಎರಡು ಅಂಶಗಳಿದ್ದರೆ ಅಪಾಯ ಸುಮಾರು ಶೇ. 30, ಮೂರಿದ್ದರೆ ಶೇ. 55. ನಿಮ್ಮ ಮಗನಿಗೆ ಎರಡಂತೂ ಇವೆ. ಸಾಲದ್ದಕ್ಕೆ ಟಾನ್ಸಿಲ್ ಆಪರೇಷನ್ನಿನಲ್ಲಿ ಹೊಟ್ಟೆಗಿಳಿಯುವ ರಕ್ತವೂ ವಾಕರಿಕೆ ತರುತ್ತದೆ.

ಇಷ್ಟು ಗೊತ್ತಿದ್ದರೆ ವೈದ್ಯರು ವಾಂತಿ ತಡೆಯುವ ಔಷಧಗಳಾದ ಒಂಡಾನ್ಸೆಟ್ರಾನ್ ಮತ್ತು ಡೆಕ್ಸಾಮೆಥಾಸೋನ್ ಎರಡನ್ನೂ ಮಗುವಿನ ತೂಕ ನೋಡಿ ಕೊಡುತ್ತಾರೆ. ಒಂದಕ್ಕಿಂತ ಜೋಡಿ ಹೆಚ್ಚು ಪರಿಣಾಮಕಾರಿ. ಉಸಿರಿನ ಮೂಲಕ ಕೊಡುವ ಅರಿವಳಿಕೆ ಅನಿಲಗಳ ಬದಲು ರಕ್ತನಾಳದ ಮೂಲಕ ಪ್ರೊಪೊಫಾಲ್ ಕೊಡುವುದು, ನೋವಿಗೆ ಮಾರ್ಫಿನ್ ಜಾತಿಯ ಔಷಧ ಕಡಿಮೆ ಮಾಡಿ ಪ್ಯಾರಸಿಟಮಾಲ್ ಬಳಸುವುದು, ಸಾಕಷ್ಟು ಡ್ರಿಪ್ ಹಾಕುವುದು ಉಳಿದ ದಾರಿಗಳು. ಮನೆಯಲ್ಲಿ ಯಾರಿಗಾದರೂ ಹೃದಯ ಬಡಿತದ ತೊಂದರೆ ಇದ್ದರೆ ಅದನ್ನೂ ಹೇಳಿ; ಒಂಡಾನ್ಸೆಟ್ರಾನ್ ಎಲ್ಲರಿಗೂ ಹೊಂದುವುದಿಲ್ಲ.

ನಿಮ್ಮ ಪಾಲಿನ ಕೆಲಸ ಉಪವಾಸ. ಕೋಲಾರದ ಕಡೆ ಮನೆಮನೆಯಲ್ಲೂ ಹಸು. ‘ಬೆಳಿಗ್ಗೆ ಬರೀ ಹಾಲು ಕುಡಿಸಿದೆವು ಡಾಕ್ಟರೇ’ ಎನ್ನುವವರಿಗೆ ಕೊರತೆಯಿಲ್ಲ. ಹಸುವಿನ ಹಾಲನ್ನು ಊಟದಂತೆಯೇ ಲೆಕ್ಕ ಹಾಕಬೇಕು: ಆರು ಗಂಟೆ ಮೊದಲೇ ನಿಲ್ಲಿಸಿ. ರಾಗಿ ಗಂಜಿಯೂ ಅಷ್ಟೇ. ಹೊಟ್ಟೆಯಲ್ಲಿರುವುದು ಮತ್ತಿನಲ್ಲಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಆದರೆ ಹಿಂದಿನ ರಾತ್ರಿಯಿಂದ ನೀರೂ ಮುಟ್ಟಿಸದೆ ಒಣಗಿಸುವುದು ಮಗುವಿಗೆ ಸುಮ್ಮನೆ ಹಿಂಸೆ. ಬರೀ ನೀರನ್ನು ಸಾಮಾನ್ಯವಾಗಿ ಎರಡು ಗಂಟೆ ಮೊದಲಿನವರೆಗೂ ಕೊಡಬಹುದು. ನಿಮ್ಮ ಆಸ್ಪತ್ರೆಯ ಸಮಯ ಕೇಳಿಕೊಳ್ಳಿ.

ಎಚ್ಚರವಾದ ಕೂಡಲೇ ‘ಬೆಳಿಗ್ಗೆಯಿಂದ ಹಸಿದಿದ್ದಾನೆ’ ಎಂದು ಅಜ್ಜಿ ಲೋಟ ಹಿಡಿದು ಬರುತ್ತಾರೆ. ತಡೆಯಿರಿ. ಅವನೇ ಕೇಳಿದಾಗ ಒಂದೊಂದು ಗುಟುಕು ಸಾಕು. ಬಲವಂತವಾಗಿ ಕುಡಿಸಿದರೆ ವಾಂತಿ ಹೆಚ್ಚುತ್ತದೆ.

ಇಷ್ಟೆಲ್ಲ ಮಾಡಿದರೂ ಒಮ್ಮೊಮ್ಮೆ ವಾಂತಿಯಾಗುತ್ತದೆ. ನುಂಗಿದ ಹಳೆಯ ರಕ್ತ ಕಾಫಿ ಗಸಿಯ ಬಣ್ಣದಲ್ಲಿ ಬರಬಹುದು, ನರ್ಸ್‌ಗೆ ತೋರಿಸಿ. ಕೆಂಪು ರಕ್ತ ಬಂದರೆ ಅಥವಾ ಮಲಗಿದ ಮಗು ಮತ್ತೆಮತ್ತೆ ಏನನ್ನೋ ನುಂಗುತ್ತಿದ್ದರೆ ಒಂದು ಕ್ಷಣವೂ ಕಾಯಬೇಡಿ. ಮನೆಗೆ ಬಂದು ವಾರ ಕಳೆದ ಮೇಲೂ ಹೀಗಾಗಬಹುದು. ಆಗ ಮೆಡಿಕಲ್ ಶಾಪಿನ ಸಿರಪ್ ಹುಡುಕದೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.