ಸಂದರ್ಶನಗಳ ಮೇಲೆ ನಿಂತ ತೀರ್ಮಾನವನ್ನು ಮತ್ತೆ ಪರೀಕ್ಷಿಸುವುದು ಹೇಗೆ?

ಸಂಸ್ಥೆಯೊಂದರಲ್ಲಿ ಹೊಸ ಸಾಫ್ಟ್‌ವೇರ್ ಯಾಕೆ ಕೈಕೊಟ್ಟಿತು ಎಂದು ತಿಳಿಯಲು ಸಂಶೋಧಕರು ಡೆವಲಪರ್‌ಗಳನ್ನೂ ಬಳಕೆದಾರರನ್ನೂ ಮಾತನಾಡಿಸುತ್ತಾರೆ, ಮೀಟಿಂಗ್‌ಗಳಲ್ಲಿ ಕೂರುತ್ತಾರೆ. ಕೆಲವು ವರ್ಷ ಬಿಟ್ಟು ಇನ್ನೊಬ್ಬರು ಹೋದರೆ ಪ್ರಾಜೆಕ್ಟ್ ಮುಗಿದು ತಂಡ ಚದುರಿಹೋಗಿರುತ್ತದೆ. ಪ್ರಯೋಗಾಲಯದಲ್ಲಿ ಮಾಡುವಂತೆ ಮತ್ತೊಮ್ಮೆ ಮಾಡಿ ನೋಡಲು ಇಲ್ಲಿ ದಾರಿಯಿಲ್ಲ.

1989ರಲ್ಲಿ ಮಾಹಿತಿ ವ್ಯವಸ್ಥೆಗಳ ಸಂಶೋಧಕ ಅಲೆನ್ ಲೀ ಈ ತೊಡಕನ್ನು ನೇರವಾಗಿ ಕೈಗೆತ್ತಿಕೊಂಡರು. ಅವರು ಆರಿಸಿಕೊಂಡ ಉದಾಹರಣೆ 1983ರಲ್ಲಿ ಅದೇ ಕ್ಷೇತ್ರದ ಸಂಶೋಧಕಿ ಲಿನ್ ಮಾರ್ಕಸ್ ಪ್ರಕಟಿಸಿದ ಅಧ್ಯಯನ. ಹಣಕಾಸು ಮಾಹಿತಿ ವ್ಯವಸ್ಥೆಯೊಂದು ಅಧಿಕಾರವನ್ನು ಕೇಂದ್ರ ಕಚೇರಿಯ ಕಡೆಗೆ ಎಳೆದದ್ದರಿಂದ ವಿಭಾಗಗಳ ಅಕೌಂಟೆಂಟರು ಅದನ್ನು ವಿರೋಧಿಸಿದರು ಎಂಬುದು ಮಾರ್ಕಸ್ ವಿವರಣೆ. ಆ ಘಟನೆ ಮರುಕಳಿಸಬೇಕಿಲ್ಲ, ಅದೇ ಸಿದ್ಧಾಂತ ಬೇರೆ ಸನ್ನಿವೇಶದಲ್ಲಿ ಏನಾಗಬೇಕೆಂದು ಹೇಳುತ್ತದೋ ಅದು ಆಗುತ್ತದೆಯೇ ನೋಡಿದರೆ ಸಾಕು ಎಂದರು ಲೀ. ಇಂದಿಗೂ ಇದಕ್ಕಿಂತ ಗಟ್ಟಿ ಉತ್ತರ ಸಿಕ್ಕಿಲ್ಲ.

2015ರಲ್ಲಿ ಹಳೆಯ ತೀರ್ಮಾನಗಳನ್ನು ಮತ್ತೆ ಪರೀಕ್ಷಿಸಬೇಕೆಂಬ ಒತ್ತಡ ಹೆಚ್ಚಿತು. ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ನಡೆಸಿದಾಗ ಸುಮಾರು 36 ಶೇಕಡಾದಲ್ಲಿ ಮಾತ್ರ ಸಂಖ್ಯಾಶಾಸ್ತ್ರೀಯವಾಗಿ ಗಣನೀಯ ಫಲಿತಾಂಶ ಬಂತು. ಅದೇ ವರ್ಷ ಮಾಹಿತಿ ವ್ಯವಸ್ಥೆಗಳ ಕ್ಷೇತ್ರದಲ್ಲಿ ಪುನರಾವರ್ತನೆಗಾಗಿಯೇ ಒಂದು ನಿಯತಕಾಲಿಕ ಶುರುವಾಯಿತು. ವಿಧಾನ, ಸನ್ನಿವೇಶ ಎರಡೂ ಅವೇ ಆಗಿರುವುದು; ವಿಧಾನ ಅದೇ, ಸನ್ನಿವೇಶ ಬೇರೆ; ಪ್ರಶ್ನೆ ಅದೇ, ವಿಧಾನ ಬೇರೆ ಎಂದು ಅದು ಮೂರು ಬಗೆ ಗುರುತಿಸಿತು. ಸಂದರ್ಶನ, ವೀಕ್ಷಣೆಗಳ ಮೇಲೆ ನಿಂತ ಗುಣಾತ್ಮಕ ಕೆಲಸಕ್ಕೆ ಮೊದಲನೆಯದು ಹೆಚ್ಚುಕಡಿಮೆ ಅಸಾಧ್ಯ.

ನಿಜವಾದ ಎಡವಟ್ಟು ಇರುವುದು ಸಂದರ್ಶನದ ಮಾತುಗಳಿಗೆ ಅರ್ಥಸೂಚಕ ಹೆಸರು ಹಚ್ಚುವ ಕೋಡಿಂಗ್‌ನಲ್ಲಿ. ‘ಅಗತ್ಯ ಬದಲಾಯಿತು’ ಎಂಬ ಕೋಡ್ ನೋಡಿ. “ಅವರು ಕೇಳಿದ್ದು ಇದಲ್ಲವಂತೆ” ಎಂದು ಡೆವಲಪರ್ ಹೇಳಿದರೆ ಒಬ್ಬರು ಅದನ್ನು ಈ ಕೋಡ್‌ಗೆ ಹಾಕುತ್ತಾರೆ, ಇನ್ನೊಬ್ಬರು ‘ತಪ್ಪು ತಿಳಿವಳಿಕೆ’ ಎನ್ನುತ್ತಾರೆ. ಆದ್ದರಿಂದ ಕೋಡ್‌ನ ಹೆಸರೊಂದೇ ಸಾಲದು. ಅದರ ವ್ಯಾಖ್ಯೆ, ಯಾವಾಗ ಹಾಕಬೇಕು, ಯಾವಾಗ ಹಾಕಬಾರದು, ಒಂದು ಮಾದರಿ ಮಾತು, ಇಷ್ಟೂ ಬರಹದಲ್ಲಿರಬೇಕು. ಇಬ್ಬರು ಪರಸ್ಪರ ನೋಡದೆ ಕೋಡ್ ಮಾಡಿ, ಅವರ ಕೋಡ್‌ಗಳು ಎಷ್ಟು ಹೊಂದುತ್ತವೆ ಎಂದು ಅಳೆಯುವ ಕ್ರಿಪ್ಪೆನ್‌ಡಾರ್ಫ್ ಆಲ್ಫಾ ಲೆಕ್ಕ ಹಾಕುವುದುಂಟು, 0.80 ದಾಟಿದರೆ ನಂಬಬಹುದು, 0.667ರ ಕೆಳಗಿದ್ದರೆ ವ್ಯಾಖ್ಯೆಗಳನ್ನು ತಿದ್ದಬೇಕು. ಆದರೆ ಇಬ್ಬರೂ ಒಪ್ಪಿದರು ಎಂದಮಾತ್ರಕ್ಕೆ ಅರ್ಥೈಸಿದ್ದು ಸರಿ ಎಂದಾಗದು. ಮೊದಲಿನ ಅಧ್ಯಯನದ ಕೋಡ್‌ಗಳನ್ನಷ್ಟೇ ಹಿಡಿದು ಹೊರಟವರಿಗೆ ಹಳೆಯದೇ ಕಾಣುತ್ತದೆ. ಹೊಂದದ ಮಾತುಗಳಿಗೆ ‘ಇತರೆ’ ಎಂದು ಜಾಗ ಬಿಟ್ಟು, ಅದು ಬೆಳೆದರೆ ಹೊಸ ಕೋಡ್ ತೆರೆಯಬೇಕು.

ಇಷ್ಟಾದರೂ ಮೂಲ ಸಂದರ್ಶನಗಳು ಕೈಗೆ ಸಿಗುವುದು ಅಪರೂಪ. ಹಂಚಿಕೊಳ್ಳಲು ಒಪ್ಪಿಗೆಯನ್ನು ಮೊದಲ ಸಂದರ್ಶನಕ್ಕೂ ಮುಂಚೆಯೇ ಪಡೆಯಬೇಕು. ಆಮೇಲೆ ಕೇಳಲು ಹೋದರೆ ಅರ್ಧ ಜನ ಕೆಲಸ ಬಿಟ್ಟಿರುತ್ತಾರೆ. ಹೆಸರು ಅಳಿಸುವಾಗ ಹುದ್ದೆ, ತಂಡದ ಗಾತ್ರಗಳನ್ನೂ ಅಳಿಸಿಬಿಟ್ಟರೆ ಯಾರು ಯಾವ ಸ್ಥಾನದಿಂದ ಮಾತನಾಡಿದರು ಎಂಬುದೇ ತಿಳಿಯದು. ‘ಹಿರಿಯ ಡೆವಲಪರ್, ಹತ್ತರೊಳಗಿನ ತಂಡ’ ಎಂದಾದರೂ ಉಳಿಸಿ.